ಸುರಂಗದ ನೀರು, ಅಂಟುವಾಳದ ನೊರೆ

ಉಪ್ಪಳದಲ್ಲಿ ಹೆದ್ದಾರಿಯನ್ನು ಬಿಟ್ಟು ಮೂಡಣಕ್ಕೆ ತಿರುಗಿದ ರಸ್ತೆ ಪೈವಳಿಕೆ, ಬಾಯಾರುಗಳ ಕಡೆಗೆ ಮೆಲ್ಲನೆ ಏರುತ್ತ ಸಾಗುತ್ತದೆ. ಕಡಲಿನ ಗಾಳಿ ಹಿಂದೆ ಉಳಿಯುತ್ತದೆ. ಎಡಬಲಗಳಲ್ಲಿ ಮುರಕಲ್ಲಿನ ಬೋಳುಗುಡ್ಡಗಳು, ಗುಡ್ಡದ ಬುಡದಲ್ಲಿ ಅಡಿಕೆಯ ತೋಟ, ತೋಟದ ಅಂಚಿನಲ್ಲಿ ಹಂಚಿನ ಮನೆ. ಇಲ್ಲಿನ ನೀರಿನ ಕಥೆ ಬೇರೆ ಊರುಗಳ ನೀರಿನ ಕಥೆಯಂತಲ್ಲ. ಹಿರಿಯರು ನೀರಿಗಾಗಿ ನೆಲವನ್ನು ಕೆಳಕ್ಕೆ ತೋಡಿದಂತೆಯೇ ಗುಡ್ಡವನ್ನು ಅಡ್ಡಕ್ಕೂ ಕೊರೆದರು. ಒಬ್ಬನೇ ಮನುಷ್ಯ ತಲೆ ಬಗ್ಗಿಸಿ ನಡೆಯಬಹುದಾದಷ್ಟು ಇಕ್ಕಟ್ಟಾದ ಆ ಬಿಲಕ್ಕೆ ಸುರಂಗವೆಂದು ಹೆಸರು. ಕತ್ತಲೆಯ ತುದಿಯಲ್ಲಿ ಜಿನುಗಿದ ನೀರು ಯಾವ ಯಂತ್ರದ ಹಂಗೂ ಇಲ್ಲದೆ ತನ್ನಷ್ಟಕ್ಕೆ ಹರಿದು, ದಂಬೆಯ ಮೂಲಕ ಅಂಗಳದ ತೊಟ್ಟಿಗೆ ಬಂದು ಬೀಳುತ್ತದೆ. ಹಗಲಿರುಳೂ ಆ ಸದ್ದು ನಿಲ್ಲುವುದಿಲ್ಲ.

ಮುರಕಲ್ಲಿನ ಒಡಲಿನಿಂದ ಬಂದ ಈ ನೀರು ಮೆದುನೀರು. ಸಾಬೂನು ಇದರಲ್ಲಿ ಬೇಗ ನೊರೆಗಟ್ಟುತ್ತದೆ. ಒಣಗಿದ ಮೇಲೆ ಪಾತ್ರೆಯ ಮೇಲೆ ಬಿಳಿಯ ಕಲೆ ಉಳಿಯುವುದಿಲ್ಲ. ಈ ಸೀಮೆಯ ಮನೆಗಳಲ್ಲಿ ವರ್ಷಕ್ಕೆ ಒಂದೆರಡು ಬಾರಿ ಚಿನ್ನ ತೊಳೆಯುವ ಕೆಲಸಕ್ಕೂ ಇದೇ ನೀರು. ಬೇರೆಯ ಊರುಗಳಲ್ಲಿ ಗಡಸುನೀರಿನಿಂದ ಒಡವೆಯ ಕೆತ್ತನೆಯೊಳಗೆ ಕಟ್ಟಿಕೊಳ್ಳುವ ಬಿಳಿಯ ಪೊರೆ ಇಲ್ಲಿ ಕಾಣುವುದು ಅಪೂರ್ವ. ಆದರೆ ಹರಿಯುವ ನೀರಿಗೆ ಹರಿಯುವ ನೀರಿನದೇ ಅಪಾಯವಿದೆ. ದಂಬೆಯ ಕೆಳಗೆ ಕೈಯೊಡ್ಡಿ ತೊಳೆಯಲು ಹೋದ ಮೂಗುಬೊಟ್ಟಿನ ತಿರುಪು ಕಣ್ಣು ಮುಚ್ಚಿ ತೆರೆಯುವುದರೊಳಗೆ ತೋಟದ ಕಣಿಯನ್ನು ಸೇರಿಬಿಡುತ್ತದೆ. ಆದುದರಿಂದಲೇ ತಿಳಿದ ಅಜ್ಜಿಯಂದಿರು ನೀರನ್ನು ಬೋಗುಣಿಗೆ ಹಿಡಿದು, ಒಳಗೆ ತಂದು, ಚಾಪೆಯ ಮೇಲೆ ಬಿಳಿಯ ಬೈರಾಸು ಹಾಸಿ, ಅದರ ನಡುವೆ ಇಟ್ಟುಕೊಂಡು ತೊಳೆಯುತ್ತಾರೆ. ಬಿದ್ದುದು ಬೈರಾಸಿನ ಮೇಲೆಯೇ ಬೀಳಬೇಕು, ಕಣ್ಣಿಗೆ ಕಾಣಬೇಕು.

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿದ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆಟಿ ತಿಂಗಳಲ್ಲಿ ಮದುವೆಯಿಲ್ಲ, ಒಸಗೆಯಿಲ್ಲ. ಒಡವೆಗಳು ಕಪಾಟಿನ ಕರಡಿಗೆಯೊಳಗೆ ಮಲಗಿರುತ್ತವೆ. ಗೋಡೆಗಳು ಬೆವರುತ್ತವೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಸೋಣ ತಿಂಗಳು ಕಾಲಿಟ್ಟಿತೆಂದರೆ ಅಷ್ಟಮಿ, ಚೌತಿ, ಓಣಂಗಳ ಸಾಲು. ಕರಡಿಗೆಯನ್ನು ತೆರೆದಾಗ, ವೈಶಾಖದ ಮದುವೆಯಲ್ಲಿ ಬೆಳಗಿದ್ದ ಸರವು ಮಂಕಾಗಿ ಕಾಣುತ್ತದೆ. ಚಿನ್ನಕ್ಕೆ ತುಕ್ಕಿಲ್ಲ ಎಂದು ಶಾಲೆಯಲ್ಲಿ ಓದಿದ ಮೊಮ್ಮಗಳಿಗೆ ಇದೊಂದು ಒಗಟಾಗುತ್ತದೆ.

ಒಗಟಿನ ಉತ್ತರ ಪವನಿನ ಲೆಕ್ಕದಲ್ಲಿದೆ. ಈ ನಾಡಿನಲ್ಲಿ ಚಿನ್ನವನ್ನು ಪವನಿನಿಂದ ಎಣಿಸುತ್ತಾರೆ. ಒಂದು ಪವನೆಂದರೆ 8 ಗ್ರಾಂ. ಅಪ್ಪಟ ಚಿನ್ನವಾದರೆ 24 ಕ್ಯಾರೆಟ್. ಆದರೆ ಅಪ್ಪಟ ಚಿನ್ನ ಬಹಳ ಮೆದು. ಅದರಲ್ಲಿ ಮಾಡಿದ ಬಳೆ ಹಿಸುಕಿದರೆ ಬಾಗುತ್ತದೆ. ಆದುದರಿಂದ ಒಡವೆಗೆ 22 ಕ್ಯಾರೆಟ್ ಬಳಸುವುದು ವಾಡಿಕೆ. ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ, ಉಳಿದುದು ತಾಮ್ರ, ಬೆಳ್ಳಿ ಮೊದಲಾದ ಲೋಹ. ಅಂದರೆ ಒಂದು ಪವನಿನ ಒಡವೆಯಲ್ಲಿ ಸುಮಾರು 7.33 ಗ್ರಾಂ ಮಾತ್ರ ನಿಜವಾದ ಚಿನ್ನ. ಮಸಕಾಗುವುದು ಚಿನ್ನವಲ್ಲ, ಅದರ ಜೊತೆಗಾರರು. ಬೆವರು ಮತ್ತು ಗಾಳಿಯಲ್ಲಿರುವ ಗಂಧಕದ ಅಂಶ ತಾಮ್ರ, ಬೆಳ್ಳಿಗಳನ್ನು ತಾಗಿ ತೆಳ್ಳನೆಯ ಕಪ್ಪು ಪೊರೆಯನ್ನು ಕಟ್ಟುತ್ತದೆ. ಅದರ ಮೇಲೆ ತೆಂಗಿನೆಣ್ಣೆ, ಸಾಬೂನಿನ ಜಿಡ್ಡು, ಅರಸಿನ, ಕುಂಕುಮ, ಗಂಧಗಳು ಸೇರುತ್ತವೆ. ದಿನವೂ ಎಣ್ಣೆ ಹಚ್ಚಿ ಮೀಯುವ ನಾಡಿನಲ್ಲಿ ಮಂಕಿನ ಬಹುಭಾಗ ಈ ಜಿಡ್ಡೇ ಹೊರತು ಲೋಹದ ದೋಷವಲ್ಲ. ಜಿಡ್ಡನ್ನು ತೆಗೆಯುವುದಕ್ಕೆ ಉಜ್ಜುವ ಬಲ ಬೇಕಾಗಿಲ್ಲ, ಕರಗಿಸುವ ತಾಳ್ಮೆ ಬೇಕು.

ಆ ತಾಳ್ಮೆಯ ಸಾಧನವೇ ಅಂಟುವಾಳ. ಗುಡ್ಡದ ಬದಿಯಲ್ಲಿ, ಹಳೆಯ ಮನೆಗಳ ಹಿತ್ತಿಲಿನಲ್ಲಿ ಇದರ ಮರಗಳು ಇನ್ನೂ ಉಳಿದಿವೆ. ಒಣಗಿದ ಕಾಯಿಯನ್ನು ಒಡೆದು, ಒಳಗಿನ ಕರಿಯ ಗಟ್ಟಿಬೀಜವನ್ನು ಮಕ್ಕಳ ಆಟಕ್ಕೆ ಬಿಟ್ಟು, ಸಿಪ್ಪೆಯನ್ನು ಮಾತ್ರ ತೆಗೆದಿರಿಸುತ್ತಾರೆ. ಅದರಲ್ಲಿ ಸಪೋನಿನ್ ಎಂಬ ನೊರೆಗೊಡುವ ಸತ್ವವಿದೆ; ಜಿಡ್ಡನ್ನು ಹಿಡಿದು ನೀರಿಗೆ ಬಿಡುವುದು ಅದರ ಗುಣ. ನಾಲ್ಕೈದು ಕಾಯಿಗಳ ಸಿಪ್ಪೆಯನ್ನು ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಜೇನಿನ ಬಣ್ಣದ ನೀರು ಸಿಗುತ್ತದೆ. ಅದಕ್ಕೆ ಉಗುರು ಬೆಚ್ಚಗಿನ ನೀರನ್ನು ಬೆರೆಸಿ, ಚಿನ್ನವನ್ನು ಹದಿನೈದು ಇಪ್ಪತ್ತು ನಿಮಿಷ ಅದರಲ್ಲಿ ಬಿಡಬೇಕು. ಬಳಿಕ ಹಸುಳೆಯರ ಹಲ್ಲುಜ್ಜುವಷ್ಟು ಮೆದುವಾದ ಬ್ರಷ್ಷಿನಿಂದ ಕೊಂಡಿಗಳ ಸಂದು, ಕೆತ್ತನೆಯ ಕುಳಿ, ಪದಕದ ಹಿಂಬದಿಗಳನ್ನು ನವಿರಾಗಿ ತಿಕ್ಕಬೇಕು. ಕೊಳೆ ಹೆಚ್ಚು ಸೇರುವುದು ಕಾಣುವ ಮುಖದಲ್ಲಲ್ಲ, ಮೈಗೆ ತಾಗುವ ಬೆನ್ನಿನಲ್ಲಿ. ಎರಡು ಬೋಗುಣಿಗಳ ಹೊಸ ನೀರಿನಲ್ಲಿ ಒಂದಾದ ಮೇಲೊಂದರಂತೆ ಅದ್ದಿ ತೆಗೆದು, ಹಳೆಯ ಹತ್ತಿಯ ಬಟ್ಟೆಯಲ್ಲಿ ಒತ್ತಿ ಒರಸಿ, ನೆರಳಿನಲ್ಲಿ ಗಾಳಿಗೆ ಬಿಡಬೇಕು. ಒದ್ದೆಯ ಒಡವೆಯನ್ನು ಕರಡಿಗೆಗೆ ಸೇರಿಸಿದರೆ ತೊಳೆದ ಪ್ರಯೋಜನವೇ ಇಲ್ಲ. ತೊಳೆದ ನೀರನ್ನು ಚೆಲ್ಲುವುದು ಕೊನೆಯ ಕೆಲಸ. ಅದೂ ಬಟ್ಟೆಯಲ್ಲಿ ಸೋಸಿ, ಒಡವೆಗಳನ್ನೆಲ್ಲ ಎಣಿಸಿದ ಮೇಲೆ. ಅಂಟುವಾಳ ಸಿಗದ ಪೇಟೆಯ ಮನೆಯಲ್ಲಿ ಪಾತ್ರೆ ತೊಳೆಯುವ ಸೌಮ್ಯವಾದ ದ್ರವಸಾಬೂನಿನ ಎರಡು ಹನಿಯೂ ಇದೇ ಕೆಲಸವನ್ನು ಮಾಡುತ್ತದೆ.

ಆದರೆ ಎಲ್ಲವನ್ನೂ ಒಂದೇ ಬೋಗುಣಿಗೆ ಹಾಕುವಂತಿಲ್ಲ. ಕುಂಬಳೆಯ ಸಮೀಪದ ಅನಂತಪುರದಲ್ಲಿ ಕೆರೆಯ ನಡುವೆ ಇರುವ ದೇವಾಲಯವು ಪ್ರಸಿದ್ಧ. ಅಲ್ಲಿನ ಮೂಲಮೂರ್ತಿಗಳು ಶಿಲೆಯವೂ ಅಲ್ಲ, ಲೋಹದವೂ ಅಲ್ಲ; ಕಡುಶರ್ಕರ ಪಾಕವೆಂಬ, ಹಲವು ಔಷಧದ್ರವ್ಯಗಳ ಮಿಶ್ರಣದಿಂದ ರೂಪಿಸಿದವು. ಇಂಥ ಮೂರ್ತಿಗಳಿಗೆ ನೀರಿನ ಅಭಿಷೇಕ ಸಲ್ಲದು. ಸುತ್ತಲೂ ನೀರು, ನಡುವಿನ ಮೂರ್ತಿಗೆ ಮಾತ್ರ ನೀರು ತಾಗಬಾರದು. ವಸ್ತುವಿನ ಗುಣವನ್ನು ಅರಿತು ಉಪಚರಿಸಬೇಕೆಂಬ ಈ ವಿವೇಕ ಕರಡಿಗೆಯ ಮುಂದೆ ಕುಳಿತವರಿಗೂ ಬೇಕು. ಮುತ್ತು ಮತ್ತು ಹವಳ ಕಡಲಿನ ಜೀವಿಗಳು ಕಟ್ಟಿದ ಸುಣ್ಣದ ವಸ್ತುಗಳು. ಲಿಂಬೆಹುಳಿ, ವಿನೆಗರ್, ಹುಣಸೆಹುಳಿಗಳು ತಾಗಿದರೆ ಅವುಗಳ ಹೊಳಪಿನ ಪದರವೇ ಕರಗಿಹೋಗುತ್ತದೆ; ಆ ನಷ್ಟವನ್ನು ಯಾವ ಅಕ್ಕಸಾಲಿಗನೂ ತುಂಬಿಕೊಡಲಾರ. ನೂಲಿನಲ್ಲಿ ಪೋಣಿಸಿದ ಕರಿಮಣಿಯನ್ನೂ ಮುತ್ತಿನ ಸರವನ್ನೂ ನೆನೆಸಿಟ್ಟರೆ ನೂಲು ಕೊಳೆತು ಒಂದು ದಿನ ನಡುಬೀದಿಯಲ್ಲಿ ಹರಿಯುತ್ತದೆ. ಇವುಗಳನ್ನು ಹಿಂಡಿದ ಒದ್ದೆಬಟ್ಟೆಯಿಂದ ಒರಸುವುದೇ ತಕ್ಕ ಉಪಾಯ. ಹಳೆಯ ಕೆಲವು ಒಡವೆಗಳ ಟೊಳ್ಳಿನೊಳಗೆ ಅರಗು ತುಂಬಿರುತ್ತದೆ; ಬಿಸಿನೀರು ತಾಗಿದರೆ ಅರಗು ಮೆದುವಾಗಿ ಹೊರಗೆ ಬರುತ್ತದೆ, ಮೇಲಿನ ತಗಡು ತಗ್ಗುತ್ತದೆ. ಪಚ್ಚೆಯ ಕಲ್ಲಿನ ಸಣ್ಣ ಬಿರುಕುಗಳಿಗೆ ಎಣ್ಣೆ ಊಡಿರುವುದು ಸಾಮಾನ್ಯ. ಬಿಸಿನೊರೆಯಲ್ಲಿ ಆ ಎಣ್ಣೆ ಹೋಗಿ ಬಿರುಕು ಬಯಲಾಗುತ್ತದೆ. ಹಿರಿಯರು ಕಾರಣವನ್ನು ಹೇಳದೆ "ಇದಕ್ಕೆ ಬಿಸಿ ಆಗದು ಮಗಾ" ಎಂದಷ್ಟೇ ಹೇಳಿ ಬದಿಗಿಡುತ್ತಿದ್ದ ಒಡವೆಗಳ ಹಿಂದೆ ಇಂಥ ಕಾರಣಗಳಿವೆ.

ಕುಂಬಳೆಯೆಂದರೆ ಪಾರ್ತಿಸುಬ್ಬನ ಊರು, ತೆಂಕುತಿಟ್ಟಿನ ಯಕ್ಷಗಾನದ ತವರು. ರಾತ್ರಿಯ ರಂಗಸ್ಥಳದಲ್ಲಿ ಬೆಂಕಿಯಂತೆ ಹೊಳೆಯುವ ಕಿರೀಟ, ಭುಜಕೀರ್ತಿ, ಎದೆಹಾರಗಳು ಹಗುರವಾದ ಮರದಲ್ಲಿ ಕೊರೆದು ಬೇಗಡೆ ಅಂಟಿಸಿದವು. ಅವುಗಳಲ್ಲಿ ಗುಲಗಂಜಿ ತೂಕದ ಚಿನ್ನವೂ ಇಲ್ಲ. ಆದರೂ ಚೌಕಿಯಲ್ಲಿ ಆಟ ಮುಗಿದ ಮೇಲೆ ಅವುಗಳಿಗೆ ಸಲ್ಲುವ ಜಾಗ್ರತೆಯನ್ನು ಕಂಡವರು ಬೆರಗಾಗಬೇಕು. ಬೆವರನ್ನು ಒಣಬಟ್ಟೆಯಲ್ಲಿ ಒತ್ತಿ ತೆಗೆದು, ಒಂದಕ್ಕೊಂದು ತಾಗದಂತೆ ಪೆಟ್ಟಿಗೆಯಲ್ಲಿ ಜೋಡಿಸಿ, ಯಾವುದು ಎಲ್ಲಿ ಎಂಬುದನ್ನು ಕತ್ತಲೆಯಲ್ಲಿಯೂ ಹೇಳಬಲ್ಲರು. ನಿಜವಾದ ಚಿನ್ನವಿರುವ ಎಷ್ಟೋ ಮನೆಗಳಲ್ಲಿ ಬಳೆ, ಸರ, ಓಲೆ, ಉಂಗುರಗಳೆಲ್ಲ ಒಂದೇ ಡಬ್ಬಿಯಲ್ಲಿ ಗೋಜಲಾಗಿರುತ್ತವೆ. ವಜ್ರದ ಮೂಗುಬೊಟ್ಟು ಚಿನ್ನದ ಬಳೆಯನ್ನು ಗೀರುತ್ತದೆ, ಉಂಗುರದ ಕಲ್ಲು ಸರದ ಕೊಂಡಿಗೆ ಸಿಕ್ಕಿ ಸಡಿಲಾಗುತ್ತದೆ. ಒಂದೊಂದನ್ನೂ ಬೇರೆ ಬೇರೆ ಮೆದುಬಟ್ಟೆಯ ಚೀಲದಲ್ಲಿ ಇಡುವುದಕ್ಕೆ ಹಳೆಯ ಪಂಚೆಯ ಒಂದು ತುಂಡು ಸಾಕು.

ಈ ನೆಲದ ದುಡಿಮೆಯೇ ಚಿನ್ನದ ಮೇಲೆ ತನ್ನ ಗುರುತನ್ನು ಬಿಡುತ್ತದೆ. ಗೇರುಬೀಜ ಸುಲಿಯುವ ಕೈಗೆ ಅದರ ಸೊನೆ ತಾಗಿ ಚರ್ಮ ಸುಡುವಂತೆ, ಉಂಗುರದ ಕೆತ್ತನೆಯೊಳಗೂ ಆ ಕರಿಯೆಣ್ಣೆ ಗಟ್ಟಿಯಾಗಿ ಕೂರುತ್ತದೆ. ಅಡಿಕೆಯ ಚೊಗರು, ರಬ್ಬರಿನ ಹಾಲು, ಮಳೆಗಾಲದಲ್ಲಿ ಅಡಿಕೆಗೆ ಬಿಡುವ ಮೈಲುತುತ್ತು ಮತ್ತು ಸುಣ್ಣದ ದ್ರಾವಣ, ಇವೆಲ್ಲವೂ ಉಂಗುರ ತೆಗೆದಿಟ್ಟು ಮಾಡಬೇಕಾದ ಕೆಲಸಗಳು. ಮಧೂರಿನಲ್ಲಿ ಮಧುವಾಹಿನಿ ತುಂಬಿದಾಗ ನೀರು ದೇವಾಲಯದ ಅಂಗಳಕ್ಕೇ ಬರುತ್ತದೆ. ಹೊಳೆಯ ಬದಿಯ ಬಾವಿಗಳಿಗೂ ನೆರೆಯ ನೀರು ಸೇರುತ್ತದೆ. ನೆರೆ ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಆರೋಗ್ಯಕ್ಕೆ ಅವಶ್ಯ. ಆದರೆ ಆ ಪುಡಿಯನ್ನು ಕಲಸುವ ಕೈಯಲ್ಲಿ ಚಿನ್ನವಿರಬಾರದು. ಅದರಲ್ಲಿರುವ ಕ್ಲೋರಿನ್ ಒಡವೆಯ ಮಿಶ್ರಲೋಹವನ್ನು ತಿನ್ನುತ್ತದೆ. ಮೊದಲು ದುರ್ಬಲವಾಗುವುದು ಬೆಸುಗೆ ಹಾಕಿದ ಸಂದುಗಳು. ಕ್ಯಾರೆಟ್ ಕಡಿಮೆಯಾದಷ್ಟೂ ಹಾನಿ ಹೆಚ್ಚು. ಬೇಕಲ ಕೋಟೆಯ ಬುಡದ ಕಡಲಿನಲ್ಲಿ ಆಡುವ ಮಕ್ಕಳ ಬೆರಳಿನ ಉಂಗುರಕ್ಕೆ ಉಪ್ಪಿಗಿಂತ ದೊಡ್ಡ ಅಪಾಯ ತಣ್ಣೀರು: ಬೆರಳು ಕುಗ್ಗುತ್ತದೆ, ಉಂಗುರ ಜಾರುತ್ತದೆ, ಅಲೆ ಅದನ್ನು ಹಿಂತಿರುಗಿಸುವುದಿಲ್ಲ. ಮನೆಯಲ್ಲಿ ಜ್ವರಮಾಪಕ ಒಡೆದು ಪಾದರಸದ ಹನಿ ಬಳೆಗೆ ತಾಗಿದರೆ ಚಿನ್ನವು ಅಲ್ಲಿಯೇ ಬೆಳ್ಳಗಾಗುತ್ತದೆ. ಅದನ್ನು ಒಲೆಯ ಮೇಲೆ ಕಾಯಿಸಿ ಬಿಡಿಸಲು ಹೊರಟರೆ ಏಳುವ ಹೊಗೆ ವಿಷ. ಆ ಬಳೆಯನ್ನು ಬಿಗಿಯಾಗಿ ಮುಚ್ಚಿದ ಸೀಸೆಯಲ್ಲಿಟ್ಟು, ಆದುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಬಲ್ಲ ಅಕ್ಕಸಾಲಿಗನಿಗೇ ಒಪ್ಪಿಸಬೇಕು.

ಕಾಸರಗೋಡು ಪೇಟೆಯಲ್ಲಿ ಹಳೆ ಬಸ್ ನಿಲ್ದಾಣದಿಂದ ನಡೆದರೆ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದುಗಳು ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಸಪ್ತಭಾಷೆಗಳ ಸಂಗಮಭೂಮಿಯೆಂದು ಹೊಗಳುವ ರೂಢಿ ಇದರಿಂದಲೇ ಬಂದುದು. ಗಾಜಿನ ಗೋಡೆಯ ದೊಡ್ಡ ಆಭರಣ ಮಳಿಗೆಗಳ ನಡುವೆ, ಏಣಿಯಂಥ ಮೆಟ್ಟಿಲು ಹತ್ತಿ ಹೋಗಬೇಕಾದ ಕೋಣೆಗಳಲ್ಲಿ, ಅಗ್ಗಿಷ್ಟಿಕೆ, ಊದುಗೊಳವೆ, ಒರೆಗಲ್ಲುಗಳೊಡನೆ ಕುಳಿತ ಆಚಾರಿಗಳೂ ಶೇಟರೂ ಇನ್ನೂ ಇದ್ದಾರೆ. ಮನೆಯಲ್ಲಿ ಸಾಧ್ಯವಾಗದ ಕೆಲಸ ಅವರದು. ಸಡಿಲವಾದ ಕೊಕ್ಕೆ, ಸವೆದ ತಿರುಪು, ಅಲುಗಾಡುವ ಕಲ್ಲು, ಬಿರುಕು ಬಿಟ್ಟ ಬೆಸುಗೆ ಇವುಗಳನ್ನು ತೊಳೆಯುವ ದಿನವೇ ಗುರುತಿಸಿ ಅವರ ಬಳಿಗೆ ಒಯ್ಯಬೇಕು. ಒಡವೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲನೆ ಅಲುಗಿಸಿದರೆ ಸಡಿಲವಾದ ಕಲ್ಲು ತಾನೇ ಸದ್ದು ಮಾಡಿ ಹೇಳುತ್ತದೆ.

ಆದರೆ ಮೆರುಗು ಕೊಡಿಸುವುದು ಬೇರೆ ಮಾತು. ಯಂತ್ರದ ಚಕ್ರಕ್ಕೆ ಹಿಡಿದು ಹೊಳಪು ಬರಿಸುವುದೆಂದರೆ ಮೇಲಿನ ಪದರವನ್ನು ಸವೆಸುವುದೆಂದೇ ಅರ್ಥ. ಒಂದು ಮೆರುಗಿಗೆ ಅರ್ಧ ಗುಲಗಂಜಿ ಹೋಯಿತೆಂದು ಇಟ್ಟುಕೊಂಡರೂ ಹದಿನಾರು ಮೆರುಗಿಗೆ ಎಂಟು ಗುಲಗಂಜಿ, ಅಂದರೆ ಹತ್ತಿರ ಹತ್ತಿರ ಒಂದು ಗ್ರಾಂ. ಅಕ್ಕಸಾಲಿಗನ ಕೋಣೆಯ ಕಸವನ್ನೂ ತೊಳೆದು ಚಿನ್ನ ತೆಗೆಯುವವರು ಇರುವುದು ಸುಮ್ಮನೆ ಅಲ್ಲ. ಮನೆಯಲ್ಲಿ ಹಲ್ಲುಜ್ಜುವ ಪೇಸ್ಟು, ಬೂದಿ, ಅಡುಗೆ ಸೋಡಾಗಳಿಂದ ಗಸಗಸನೆ ತಿಕ್ಕುವವರು ಇದೇ ನಷ್ಟವನ್ನು ತಮ್ಮ ಕೈಯಾರೆ ಮಾಡಿಕೊಳ್ಳುತ್ತಾರೆ. ಪೇಸ್ಟಿನಲ್ಲಿರುವ ನುಣುಪಾದ ಹುಡಿ ಹಲ್ಲಿನಷ್ಟು ಗಟ್ಟಿಯಾದ ವಸ್ತುವಿಗಾಗಿ ಮಾಡಿದುದು; ಚಿನ್ನ ಹಲ್ಲಿಗಿಂತ ಬಹಳ ಮೆದು. ತಿಕ್ಕಿದಾಗ ಬರುವ ಹೊಳಪಿನ ಹಿಂದೆ ಸಾವಿರ ಸಣ್ಣ ಗೀರುಗಳಿರುತ್ತವೆ. ಅಷ್ಟೇ ಅಲ್ಲ, ಒಡವೆಯ ಒಳಬದಿಯ ಮುದ್ರೆಯೂ ಸವೆಯುತ್ತದೆ. 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವ ಹಾಲ್‌ಮಾರ್ಕ್ ಒಡವೆಯಲ್ಲಿ ಭಾರತೀಯ ಮಾನಕ ಬ್ಯೂರೋದ ಚಿಹ್ನೆ, 22ಕೆ916 ಎಂಬಂಥ ಶುದ್ಧತೆಯ ಗುರುತು, ಅಕ್ಷರ ಮತ್ತು ಅಂಕೆಗಳು ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ ಇವು ಮೂರೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಯಾರಾದರೂ ಪರೀಕ್ಷಿಸಿ ನೋಡಬಹುದು. ಅಜ್ಜಿಯ ಕಾಲದ ಒಡವೆಗೆ ಈ ಮುದ್ರೆ ಇಲ್ಲವೆಂದು ಗಾಬರಿಯಾಗಬೇಕಾಗಿಲ್ಲ. ಅದನ್ನು ಇಟ್ಟುಕೊಳ್ಳುವುದಕ್ಕೂ ಧರಿಸುವುದಕ್ಕೂ ಯಾವ ಅಡ್ಡಿಯೂ ಇಲ್ಲ.

ಪೇಟೆಗೆ ಹೋಗುವುದೇಕೆ, ಮನೆಬಾಗಿಲಿಗೇ ಬಂದು ಹೊಳಪು ಕೊಡುತ್ತೇವೆಂಬವರು ಬಂದಾಗ ಬಾಗಿಲು ತೆರೆಯದಿರುವುದೇ ಕ್ಷೇಮ. ಇಂಥವರು ಬರುವ ಹೊತ್ತು ಗಂಡಸರು ತೋಟದಲ್ಲಿಯೋ ಪೇಟೆಯಲ್ಲಿಯೋ ಇದ್ದು, ಮಕ್ಕಳು ಶಾಲೆಯಲ್ಲಿರುವ ನಡುಹಗಲು. ಮೊದಲು ಹಿತ್ತಾಳೆಯ ದೀಪವನ್ನೋ ಬೆಳ್ಳಿಯ ಕಾಲುಗೆಜ್ಜೆಯನ್ನೋ ದುಡ್ಡಿಲ್ಲದೆ ಬೆಳಗಿ ಕೊಟ್ಟು ನಂಬಿಕೆ ಗಳಿಸುತ್ತಾರೆ. ಬಳಿಕ ಕೊರಳಿನ ಸರವನ್ನು ಕೇಳುತ್ತಾರೆ. ಅವರ ಪಾತ್ರೆಯಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಮೂರು ಪಾಲು, ನೈಟ್ರಿಕ್ ಆಮ್ಲ ಒಂದು ಪಾಲು ಬೆರೆತ ಅಕ್ವಾ ರೀಜಿಯಾ. ರಾಜಜಲವೆಂಬುದು ಆ ಹೆಸರಿನ ಅರ್ಥ. ಲೋಹಗಳ ರಾಜನನ್ನೇ ಕರಗಿಸುವ ದ್ರವ ಅದು. ಸರದ ಆಕಾರ ಹಾಗೆಯೇ ಉಳಿದಿರುತ್ತದೆ, ಹೊಳಪೂ ಬಂದಿರುತ್ತದೆ, ತೂಕ ಮಾತ್ರ ಇಳಿದಿರುತ್ತದೆ. "ಅರಸಿನದ ನೀರಿನಲ್ಲಿ ಹಾಕಿದ್ದೇವೆ, ಅರ್ಧ ಗಂಟೆ ಕಳೆದು ತೆರೆಯಿರಿ ಅಕ್ಕಾ" ಎಂದು ಹೇಳಿ ಅವರು ಹೋಗುವುದು, ಆ ಅರ್ಧ ಗಂಟೆಯಲ್ಲಿ ಊರು ದಾಟುವುದಕ್ಕಾಗಿ. ಕರಗಿದ ಚಿನ್ನವನ್ನು ಆ ದ್ರವದಿಂದ ಅವರು ಮತ್ತೆ ತೆಗೆದುಕೊಳ್ಳುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಂತೆ ವಂಚನೆ ಶಿಕ್ಷಾರ್ಹ ಅಪರಾಧ. ಆದರೆ ದೂರು ಕೊಟ್ಟವರನ್ನು ಠಾಣೆಯಲ್ಲಿ ಕೇಳುವ ಮೊದಲ ಪ್ರಶ್ನೆ, ಸರದ ತೂಕ ಮೊದಲು ಎಷ್ಟಿತ್ತು ಎಂಬುದು. ಬಹಳ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ.

ಅಡವಿನ ವ್ಯವಹಾರದಲ್ಲಿಯೂ ಇದೇ ಪ್ರಶ್ನೆ ಎದುರಾಗುತ್ತದೆ. ಜೂನ್ ತಿಂಗಳು ಶಾಲೆಗಳು ತೆರೆಯುವ ತಿಂಗಳು. ಪುಸ್ತಕ, ಸಮವಸ್ತ್ರ, ಬಸ್ಸಿನ ದುಡ್ಡು, ದೊಡ್ಡವನ ಕಾಲೇಜಿನ ಶುಲ್ಕ ಎಲ್ಲವೂ ಒಟ್ಟಿಗೆ ಬರುತ್ತವೆ. ಅಡಿಕೆಯ ಕೊಯ್ಲು ಇನ್ನೂ ದೂರದಲ್ಲಿರುತ್ತದೆ. ಆಗ ತಾಯಿಯ ಬಳೆ ಸಹಕಾರಿ ಸಂಘಕ್ಕೋ ಸಾಲಕೊಡುವ ಸಂಸ್ಥೆಗೋ ಹೋಗುತ್ತದೆ, ಕೊಯ್ಲು ಮುಗಿದ ಮೇಲೆ ಮರಳುತ್ತದೆ. ಎಷ್ಟೋ ಮಕ್ಕಳ ವಿದ್ಯೆ ಹೀಗೆ ಬಳೆಯ ಬಲದಿಂದ ಮುಂದುವರಿದಿದೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಅಡವಿಡುವ ಮೊದಲು ಒಡವೆಯನ್ನು ತೊಳೆದು ಒಣಗಿಸಿ ಒಯ್ಯುವುದು ಜಾಣತನ. ಜಿಡ್ಡು ಹೋದ ಮೇಲೆ ಉಳಿಯುವುದೇ ನಿಜವಾದ ತೂಕ, ಮುದ್ರೆಯೂ ಸ್ಪಷ್ಟವಾಗಿ ಕಾಣುತ್ತದೆ, ಕಲ್ಲುಗಳು ಬಿಗಿಯಾಗಿವೆಯೋ ಇಲ್ಲವೋ ತಿಳಿದಿರುತ್ತದೆ. ಚೀಟಿಯಲ್ಲಿ ಒಟ್ಟು ತೂಕ, ಕಲ್ಲು ಕಳೆದ ತೂಕ, ಶುದ್ಧತೆ, ಬಡ್ಡಿ, ಹರಾಜಿನ ಷರತ್ತು ಇವೆಲ್ಲ ಬರೆದಿರಬೇಕು. ಇಲ್ಲಿ ಗಡಿನಾಡಿನ ಕನ್ನಡ ಮಾಧ್ಯಮದ ಮನೆಗಳಿಗೆ ಇನ್ನೊಂದು ತೊಡಕಿದೆ. ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಅಚ್ಚಾದ ಚೀಟಿಗೆ ಓದಲಾರದೆಯೇ ರುಜು ಹಾಕುವ ತಾಯಂದಿರು ಅನೇಕರು. ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗಾಗಿ ರಿಸರ್ವ್ ಬ್ಯಾಂಕು ವಿಧಿಸಿದ ನ್ಯಾಯೋಚಿತ ವ್ಯವಹಾರ ಸಂಹಿತೆಯಲ್ಲಿ, ಸಾಲಗಾರರೊಡನೆ ನಡೆಸುವ ಪತ್ರವ್ಯವಹಾರವು ಪ್ರಾದೇಶಿಕ ಭಾಷೆಯಲ್ಲಿ ಅಥವಾ ಅವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂಬ ನಿಯಮವಿದೆ. ಕೇಳುವುದು ಬೇಡುವುದಲ್ಲ, ಕೇಳದೆ ರುಜು ಹಾಕಿದ ಮೇಲೆ ಹೇಳುವ ಮಾತಿಗೆ ಬೆಲೆ ಕಡಿಮೆ.

ಚಿನ್ನದ ಆರೈಕೆಯ ಪ್ರಶ್ನೆ ಕೊನೆಗೆ ಅದು ಯಾರದೆಂಬ ಪ್ರಶ್ನೆಗೆ ಬಂದು ಮುಟ್ಟುತ್ತದೆ. ಮದುವೆಯಲ್ಲಿ ಹೆಣ್ಣಿಗೆ ಬಂದ ಒಡವೆ ಸ್ತ್ರೀಧನ. ಅದು ಅವಳೊಬ್ಬಳದೇ ಸೊತ್ತೆಂದೂ, ಗಂಡನ ಮನೆಯವರ ಕೈಗೆ ಅದನ್ನು ಕೊಟ್ಟಿದ್ದರೆ ಅವರು ಕೇವಲ ಕಾಪಿಡುವವರೆಂದೂ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ ಸ್ಪಷ್ಟಪಡಿಸಿತು. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ 2024ರ ಏಪ್ರಿಲ್ ತಿಂಗಳಲ್ಲಿ ಅದೇ ನ್ಯಾಯಾಲಯವು ಈ ಮಾತನ್ನು ಮತ್ತೆ ಎತ್ತಿಹಿಡಿಯಿತು. ಮದುವೆಯ ದಿನ ವಧುವಿನ ಮೈಮೇಲಿದ್ದ 89 ಪವನು ಚಿನ್ನವನ್ನು ಭದ್ರವಾಗಿಡುವ ನೆಪದಲ್ಲಿ ಮೊದಲ ರಾತ್ರಿಯೇ ತೆಗೆದುಕೊಂಡರೆಂಬುದು ಅವಳ ದೂರಾಗಿತ್ತು. ಕುಟುಂಬ ನ್ಯಾಯಾಲಯದಲ್ಲಿ 2011ರಲ್ಲಿ ಗೆದ್ದು, ಉಚ್ಚ ನ್ಯಾಯಾಲಯದಲ್ಲಿ ಸೋತು, ಕೊನೆಗೆ ದೆಹಲಿಯಲ್ಲಿ ಅವಳಿಗೆ 25 ಲಕ್ಷ ರೂಪಾಯಿ ಕೊಡಬೇಕೆಂಬ ತೀರ್ಪು ಬಂದಿತು. ನ್ಯಾಯ ಸಿಕ್ಕಿತೆಂಬುದು ದಿಟ. ಅದಕ್ಕೆ ಹಿಡಿದ ಕಾಲವೂ ಅಷ್ಟೇ ದಿಟ. ಇಂಥ ವ್ಯಾಜ್ಯಗಳೆಲ್ಲದರಲ್ಲಿಯೂ ವಾದ ಸುತ್ತುವುದು ಒಂದೇ ಕಂಬದ ಸುತ್ತ: ಏನೇನಿತ್ತು, ಎಷ್ಟಿತ್ತು, ಯಾರ ಕೈಯಲ್ಲಿತ್ತು. ಮದುವೆಯ ಫೋಟೊ, ಅಂಗಡಿಯ ಬಿಲ್ಲು, ಒಂದು ಪಟ್ಟಿ ಇವು ಮೂರು ಒಂದೆಡೆ ಇದ್ದರೆ ಕಂಬ ಗಟ್ಟಿಯಾಗುತ್ತದೆ.

ಆ ಪಟ್ಟಿಯನ್ನು ಬರೆಯಲು ಚಿನ್ನ ತೊಳೆಯುವ ದಿನಕ್ಕಿಂತ ಒಳ್ಳೆಯ ದಿನವಿಲ್ಲ. ಒಡವೆಗಳೆಲ್ಲ ಬೈರಾಸಿನ ಮೇಲೆ ಹರಡಿರುತ್ತವೆ, ಹಿರಿಯರು ಎದುರಿಗೆ ಕುಳಿತಿರುತ್ತಾರೆ. ಬಿಲ್ಲಿನಲ್ಲಿ 'ನೆಕ್ಲೇಸ್', 'ಚೈನ್', 'ಮಾಲ' ಎಂದಷ್ಟೇ ಇರುವುದನ್ನು ಅಜ್ಜಿ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾಳೆ: ಅವಲಕ್ಕಿ ಸರ, ಗುಂಡಿನ ಸರ, ಕಾಸಿನ ಸರ, ಬೆಂಡೋಲೆ, ಕೊಪ್ಪು, ಬುಗುಡಿ. ಅಪ್ಪೆಯ ಮನೆಯಿಂದ ಬಂದುದು ಯಾವುದು, ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮಾಡಿಸಿದುದು ಯಾವುದು, ಎರಡು ಬಾರಿ ಅಡವಿಗೆ ಹೋಗಿ ಬಂದುದು ಯಾವುದು ಎಂಬುದು ಆ ಹೆಸರುಗಳ ಜೊತೆಗೇ ಬರುತ್ತದೆ. ಮಂಜೇಶ್ವರವು ಮಂಜೇಶ್ವರಮ್ಮೆಂದೂ ಕುಂಬಳೆಯು ಕುಂಬ್ಲವೆಂದೂ ಬರೆಯಲ್ಪಡುತ್ತಿರುವ ನೆಲದಲ್ಲಿ ಹೆಸರು ಹೋದರೆ ಏನು ಹೋಗುತ್ತದೆಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಒಡವೆಯ ವಿಷಯದಲ್ಲಿಯೂ ಕ್ರಮ ಅದೇ: ಮೊದಲು ಹೆಸರು ಮರೆಯುತ್ತದೆ, ಬಳಿಕ 'ಹಳೆಯ ಮಾದರಿ' ಎಂಬ ಮಾತು ಬರುತ್ತದೆ, ಆಮೇಲೆ ಅದು ಕರಗಿ ಹೊಸ ಸರವಾಗುತ್ತದೆ. ಕರಗಿಸಬಾರದೆಂದಲ್ಲ, ಏನನ್ನು ಕರಗಿಸುತ್ತಿದ್ದೇವೆಂಬುದು ತಿಳಿದಿರಬೇಕು.

ಕನ್ನಡ ಶಾಲೆಯ ಐದನೆಯ ತರಗತಿಯ ಮಗುವಿಗೆ ಈ ಪಟ್ಟಿ ಬರೆಯುವಷ್ಟು ಅಕ್ಷರ ಬರುತ್ತದೆ. ಗೆರೆಯ ಪುಸ್ತಕದ ಒಂದು ಪುಟದಲ್ಲಿ ಐದು ಅಂಕಣ ಸಾಕು: ಒಡವೆಯ ಹೆಸರು, ಗ್ರಾಂ ಲೆಕ್ಕದಲ್ಲಿ ತೂಕ, ಮುದ್ರೆಯ ಸಂಖ್ಯೆ, ಯಾರದು, ಎಲ್ಲಿಂದ ಬಂದುದು. ಕೊನೆಗೆ ತಾರೀಕು, ತಾಯಿಯ ರುಜು. ಪೇಟೆಯಲ್ಲಿ ತೂಗಿಸಿದ ತೂಕವಾದರೆ ಇನ್ನೂ ಒಳ್ಳೆಯದು. ಪ್ರತಿಯೊಂದು ಒಡವೆಯ ಫೋಟೊ ತೆಗೆದು, ಪಟ್ಟಿಯ ಪ್ರತಿಯೊಂದನ್ನು ಕರಡಿಗೆಯಲ್ಲಿ ಅಲ್ಲ, ಬೇರೆಡೆಯಲ್ಲಿ ಇಡಬೇಕು; ಕರಡಿಗೆ ಹೋದರೆ ಪಟ್ಟಿಯೂ ಅದರೊಡನೆ ಹೋಗಬಾರದು. ಮುಂದಿನ ಸೋಣದಲ್ಲಿ ಅಂಟುವಾಳ ನೆನೆಹಾಕುವ ದಿನ ಅದೇ ಪುಟವನ್ನು ತೆರೆದು ಒಂದೊಂದನ್ನೂ ತಾಳೆ ನೋಡಿದರೆ ಆಯಿತು. ಒಂದು ಹೊತ್ತಿನ ಕೆಲಸ, ಒಂದು ಹಿಡಿ ಸಿಪ್ಪೆ, ಎರಡು ಬೋಗುಣಿ ನೀರು.